ಚಳಿಗಾಲದಲ್ಲಿ ರಾತ್ರಿ ಡ್ರಿಪ್ ಬಿಡಬೇಡಿ: ಪಾಲಿಹೌಸ್ ಬೆಳೆಗಾರರಿಗೆ ಒಂದು ಬಹಿರಂಗ ಪತ್ರ

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ಚಿಕ್ಕಬಳ್ಳಾಪುರ, ಕೋಲಾರ ಕಡೆಯ ಪಾಲಿಹೌಸ್ ಬೆಳೆಗಾರರಿಗೆ,



ದೀಪಾವಳಿ ಕಳೆದು ಚಳಿ ಕೂತುಕೊಳ್ಳುತ್ತಿದ್ದಂತೆ ನಿಮ್ಮಿಂದ ಎರಡು ಬಗೆಯ ಫೋನುಗಳು ಬರತೊಡಗುತ್ತವೆ. ಗುಲಾಬಿಯವರು, "ಡೌನಿ ಬಂದುಬಿಟ್ಟಿದೆ ಸಾರ್, ಎಲೆ ಉದುರ್ತಿದೆ, ಯಾವ ಔಷಧಿ ಹೊಡೀಲಿ?" ಎನ್ನುತ್ತಾರೆ. ಕ್ಯಾಪ್ಸಿಕಂನವರು, "ಕಾಯಿ ಮೇಲೆ ಸಣ್ಣ ಸಣ್ಣ ಗೀರು ಬಿದ್ದಿದೆ, ಬೋರಾನ್ ಕಮ್ಮಿಯಾಯ್ತಾ, ಕ್ಯಾಲ್ಸಿಯಂ ಕಮ್ಮಿಯಾಯ್ತಾ?" ಎನ್ನುತ್ತಾರೆ. ನಾನು ತಿರುಗಿ ಕೇಳುವ ಪ್ರಶ್ನೆ ಒಂದೇ: ನೀರು ಯಾವ ಹೊತ್ತಿಗೆ ಬಿಡ್ತೀರಿ? ಬಹಳ ಮಂದಿಯ ಉತ್ತರವೂ ಒಂದೇ: "ಕರೆಂಟ್ ಬಂದಾಗ."

ಆ ಉತ್ತರ ಕೇಳಿ ಕೇಳಿ ಸಾಕಾಗಿ ಈ ಪತ್ರ ಬರೆಯುತ್ತಿದ್ದೇನೆ. ತಪ್ಪು ನಿಮ್ಮದೇ ಎಂದು ಹೇಳಲು ಅಲ್ಲ. ಅರ್ಧ ತಪ್ಪು ಕರೆಂಟಿನದು, ಅದರ ಮಾತನ್ನೂ ಆಡುತ್ತೇನೆ. ಆದರೆ ಚಳಿಗಾಲದ ಮೂರು ತಿಂಗಳು ಪಾಲಿಹೌಸಿನೊಳಗೆ ರಾತ್ರಿ ನೀರು ಬಿಟ್ಟರೆ ಏನಾಗುತ್ತದೆ ಎಂಬುದು ನಿಮಗೆ ಚೆನ್ನಾಗಿ ಗೊತ್ತಾದರೆ, ಕರೆಂಟಿಗೆ ಒಂದು ದಾರಿಯನ್ನು ನೀವೇ ಹುಡುಕುತ್ತೀರಿ ಎಂಬುದು ನನ್ನ ನಂಬಿಕೆ.

ಮೊದಲು ನಮ್ಮೆಲ್ಲರ ತಲೆಯಲ್ಲಿ ಕೂತಿರುವ ಒಂದು ಮಾತನ್ನು ಅಲುಗಾಡಿಸಬೇಕು. "ಚಳಿಗಾಲ ಅಂದ್ರೆ ನೀರು ಅರ್ಧ ಮಾಡಿ" ಎಂಬ ಸಲಹೆ ಎಲ್ಲ ಕಡೆ ಓಡಾಡುತ್ತಿದೆ. ಇದು ಹುಟ್ಟಿದ್ದು ಹಾಲೆಂಡಿನ ಗಾಜಿನ ಮನೆಗಳಲ್ಲಿ. ನಮ್ಮ ಗುಲಾಬಿ, ಜರ್ಬೆರಾ ತಳಿಗಳಂತೆ ಪುಸ್ತಕಗಳೂ ಅಲ್ಲಿಂದಲೇ ಬಂದವು. ಅಲ್ಲಿ ಡಿಸೆಂಬರಿನಲ್ಲಿ ಹಗಲು ಎಂಟು ಗಂಟೆಗೂ ಕಡಿಮೆ. ಸೂರ್ಯ ಕಾಣುವುದೇ ಅಪರೂಪ. ಬಾಯ್ಲರಿನಿಂದ ಬಿಸಿನೀರಿನ ಪೈಪು ಎಳೆದು ಮನೆಯನ್ನು ರಾತ್ರಿಯಿಡೀ ಬೆಚ್ಚಗಿಡುತ್ತಾರೆ. ಗಿಡ ಅಲ್ಲಿ ಅರೆನಿದ್ದೆಯಲ್ಲಿರುತ್ತದೆ, ಅದಕ್ಕೆ ಹೆಚ್ಚು ನೀರು ಬೇಕಾಗುವುದಿಲ್ಲ.

ನಮ್ಮ ಕಥೆ ಬೇರೆ. ಬೆಂಗಳೂರಿನ ಸುತ್ತ ವರ್ಷದ ಅತಿ ಚಿಕ್ಕ ಹಗಲು ಕೂಡ 11 ಗಂಟೆ 20 ನಿಮಿಷಕ್ಕೆ ಕಡಿಮೆಯಿಲ್ಲ. ಜೂನಿನ ಅತಿ ದೊಡ್ಡ ಹಗಲಿಗೂ ಇದಕ್ಕೂ ಇರುವ ವ್ಯತ್ಯಾಸ ಒಂದೂವರೆ ಗಂಟೆ. ಜನವರಿಯ ಆಕಾಶ ತೊಳೆದಿಟ್ಟಷ್ಟು ಸ್ವಚ್ಛ. ಆಷಾಢದ ಮೋಡದ ದಿನಗಳಲ್ಲಿ ಗಿಡಕ್ಕೆ ಸಿಗುವ ಬಿಸಿಲಿಗಿಂತ ಜನವರಿಯಲ್ಲಿ ಸಿಗುವುದೇನೂ ಕಮ್ಮಿಯಲ್ಲ. ಮಧ್ಯಾಹ್ನ ಒಂದು ಗಂಟೆಗೆ ಪಾಲಿಹೌಸಿನೊಳಗೆ ಹೋಗಿ ನಿಂತರೆ ಷರ್ಟು ಒದ್ದೆಯಾಗುತ್ತದೆ, 30 ಡಿಗ್ರಿ ದಾಟಿರುತ್ತದೆ. ಅದೇ ಜಾಗದಲ್ಲಿ ಬೆಳಗಿನ ಜಾವ ಐದಕ್ಕೆ 13-14 ಡಿಗ್ರಿ, ಕೆಲವು ದಿನ ಇನ್ನೂ ಕಮ್ಮಿ. ಹೀಟರ್ ಇಲ್ಲ, ಬಾಯ್ಲರ್ ಇಲ್ಲ, ನಡುವೆ ಇರುವುದು 200 ಮೈಕ್ರಾನ್ ಪ್ಲಾಸ್ಟಿಕ್ ಹಾಳೆ. ಬೇಸಿಗೆಯ ಹಗಲೂ ಮಾಗಿಯ ರಾತ್ರಿಯೂ ಒಂದೇ ದಿನದಲ್ಲಿ ಬರುವ ಮನೆ ಇದು. ಹಗಲು ಗಿಡ ನಿಜವಾಗಿಯೂ ನೀರು ಕುಡಿಯುತ್ತದೆ. ರಾತ್ರಿ ಅದಕ್ಕೆ ಏನೂ ಬೇಡ. ಆದ್ದರಿಂದ ನಮ್ಮಲ್ಲಿ ಚಳಿಗಾಲದ ನೀರಿನ ಲೆಕ್ಕ ಲೀಟರಿಗಿಂತ ಮೊದಲು ಗಡಿಯಾರದ್ದು.

ಲೀಟರಿನ ಲೆಕ್ಕವನ್ನೂ ಇಲ್ಲೇ ಮುಗಿಸಿಬಿಡುತ್ತೇನೆ. ಬೇಸಿಗೆಯಲ್ಲಿ ಚದರ ಮೀಟರಿಗೆ ದಿನಕ್ಕೆ 5 ಲೀಟರ್ ಬಿಡುತ್ತಿದ್ದವರು ಈಗ 3ಕ್ಕೆ, ಗಿಡ ದೊಡ್ಡದಿದ್ದು ಬಿಸಿಲು ಚೆನ್ನಾಗಿದ್ದರೆ ಮೂರೂವರೆಗೆ ಇಳಿಸಿದರೆ ಸಾಮಾನ್ಯವಾಗಿ ಸಾಕು. ಅದಕ್ಕಿಂತ ಕೆಳಗಿಳಿಸುವ ಮೊದಲು ನಿಮ್ಮ ಬೋರಿನ ನೀರನ್ನು ನೆನಪು ಮಾಡಿಕೊಳ್ಳಿ. ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಸಾವಿರ ಅಡಿಗೂ ಕೆಳಗಿನಿಂದ ಬರುವ ಆ ನೀರು ಗಡಸು, ಉಪ್ಪಿನಂಶ ಹೊತ್ತೇ ಬರುತ್ತದೆ. ಅದರ ಮೇಲೆ ನೀವು ವೆಂಚುರಿಯಲ್ಲಿ ಗೊಬ್ಬರ ಕೊಡುತ್ತೀರಿ. ನೀರು ಅರ್ಧ ಮಾಡಿ ಗೊಬ್ಬರ ಹಾಗೇ ಇಟ್ಟರೆ ಬೆಡ್ಡಿನಲ್ಲಿ ಉಪ್ಪು ಕೂಡಿಹಾಕಿದಂತಾಗುತ್ತದೆ. ಡ್ರಿಪ್ಪರ್ ಸುತ್ತ ಬಿಳಿ ಉಂಗುರ ಕಟ್ಟುವುದು, ಹಳೆಯ ಎಲೆಯ ಅಂಚು ಸುಡುವುದು ಇದರಿಂದಲೇ. ಇಸಿ ಮೀಟರ್ ಇದ್ದವರು ನೋಡಿಕೊಳ್ಳಿ. ಇಲ್ಲದವರು ಎರಡು ಮೂರು ವಾರಕ್ಕೊಮ್ಮೆ, ಒಳ್ಳೆಯ ಬಿಸಿಲಿನ ದಿನ ನೋಡಿ, ಬೆಳಿಗ್ಗೆ ಹತ್ತರ ಹೊತ್ತಿಗೆ ಗೊಬ್ಬರವಿಲ್ಲದ ನೀರನ್ನು ಸ್ವಲ್ಪ ಧಾರಾಳವಾಗಿ ಬಿಟ್ಟು ಉಪ್ಪನ್ನು ಕೆಳಕ್ಕೆ ತೊಳೆಯಿರಿ. ಅವತ್ತು ಸಂಜೆಯೊಳಗೆ ಮೇಲ್ಮಣ್ಣು ಆರಬೇಕು.

ಈಗ ರಾತ್ರಿಯ ವಿಷಯಕ್ಕೆ ಬರೋಣ.

ಒಂದು ಎಕರೆ ಪಾಲಿಹೌಸ್ ಅಂದರೆ ಸುಮಾರು 4,000 ಚದರ ಮೀಟರ್ ನೆಲ. ಸರಾಸರಿ ಐದು ಮೀಟರ್ ಎತ್ತರ ಹಿಡಿದರೆ ಒಳಗಿರುವುದು 20,000 ಘನ ಮೀಟರ್ ಗಾಳಿ. ಗಾಳಿಗೆ ನೀರಾವಿ ಹಿಡಿದಿಡುವ ಶಕ್ತಿ ಬಿಸಿಯಿದ್ದಾಗ ಹೆಚ್ಚು, ತಣ್ಣಗಾದಂತೆ ಕಡಿಮೆ. 25 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ 23 ಗ್ರಾಂ ಹಿಡಿಯುತ್ತದೆ, 14 ಡಿಗ್ರಿಯಲ್ಲಿ 12 ಗ್ರಾಂ ಮಾತ್ರ. ಸಂಜೆ ನೀವು ಪಕ್ಕದ ಪರದೆ ಇಳಿಸುವಾಗ ಒಳಗೆ 25 ಡಿಗ್ರಿ ಇದ್ದು, ತೇವಾಂಶ ಬರೀ 60 ಪರ್ಸೆಂಟ್ ಇತ್ತು ಎಂದಿಟ್ಟುಕೊಳ್ಳಿ. ಅಂದರೆ ಘನ ಮೀಟರಿಗೆ 14 ಗ್ರಾಂಗೆ ಸ್ವಲ್ಪ ಕಡಿಮೆ. ಬೆಳಗಿನ ಜಾವ ಅದು 14 ಡಿಗ್ರಿಗೆ ಇಳಿದಾಗ ಪ್ರತಿ ಘನ ಮೀಟರಿನಿಂದಲೂ ಒಂದೂಮುಕ್ಕಾಲು ಗ್ರಾಂನಷ್ಟು ನೀರು ಎಲ್ಲಾದರೂ ಕೂರಲೇಬೇಕು. ಇಡೀ ಮನೆಗೆ 30 ಲೀಟರಿಗಿಂತ ಹೆಚ್ಚು. ಇದು ಒಂದು ತೊಟ್ಟು ನೀರೂ ಬಿಡದ ರಾತ್ರಿಯ ಲೆಕ್ಕ. ನೀವು ರಾತ್ರಿ ಹತ್ತು ಗಂಟೆಗೆ ಡ್ರಿಪ್ ಬಿಟ್ಟಿದ್ದರೆ, ಒದ್ದೆ ಬೆಡ್ಡಿನಿಂದ ಏಳುವ ಆವಿಯೂ ಅದಕ್ಕೆ ಸೇರಿಕೊಳ್ಳುತ್ತದೆ.

ಇಲ್ಲಿ ಇನ್ನೊಂದು ಸಂಗತಿ ಇದೆ. ಆಳದ ಬೋರಿನ ನೀರು ಚಳಿಗಾಲದಲ್ಲೂ ಬೆಚ್ಚಗೇ ಇರುತ್ತದೆ. ಕೈಯೊಡ್ಡಿದರೆ ಉಗುರುಬೆಚ್ಚಗೆ ಹಿತವಾಗಿರುತ್ತದೆ. "ಗಿಡಕ್ಕೂ ಬೆಚ್ಚಗಾಗಲಿ ಅಂತ ರಾತ್ರಿ ಬಿಡ್ತೀವಿ" ಎಂದು ಹೇಳಿದವರೂ ಇದ್ದಾರೆ. ಬೆಚ್ಚಗಿನ ನೀರನ್ನು ತಣ್ಣನೆಯ ಮನೆಯೊಳಗೆ ಸುರಿದರೆ ಇಡ್ಲಿ ಪಾತ್ರೆಯ ಮುಚ್ಚಳದೊಳಗೆ ಆಗುವುದೇ ಇಲ್ಲೂ ಆಗುತ್ತದೆ. ಆವಿ ಮೇಲೆದ್ದು ತಣ್ಣನೆಯ ಪ್ಲಾಸ್ಟಿಕ್ಕಿಗೆ ತಾಗಿ ಹನಿಯಾಗುತ್ತದೆ, ಹನಿ ಮೊಗ್ಗಿನ ಮೇಲೆ ಬೀಳುತ್ತದೆ. ಹೊಸ ಫಿಲ್ಮಿನಲ್ಲಿ ಹನಿ ತೊಟ್ಟಿಕ್ಕದೆ ಹಾಳೆಗೆ ಅಂಟಿಕೊಂಡೇ ಗಟಾರಿನ ಕಡೆ ಜಾರುವಂತೆ ಮಾಡುವ ಗುಣ ಇರುತ್ತದೆ. ಆದರೆ ಫಿಲ್ಮಿನ ಆಯುಷ್ಯ ಮುಗಿಯುವ ಎಷ್ಟೋ ಮೊದಲೇ ಆ ಗುಣ ಸವೆದುಹೋಗುತ್ತದೆ. ನಿಮ್ಮದು ಮೂರನೇ ಚಳಿಗಾಲ ಕಾಣುತ್ತಿರುವ ಫಿಲ್ಮ್ ಆಗಿದ್ದರೆ ಬೆಳಿಗ್ಗೆ ಆರಕ್ಕೆ ಒಳಗೆ ಹೋಗಿ ತಲೆಯೆತ್ತಿ ನೋಡಿ.

ಉತ್ತರ ಭಾರತದಲ್ಲಿ ಆಲೂಗೆಡ್ಡೆ ಬೆಳೆಯುವವರು ಹಿಮ ಬೀಳುವ ರಾತ್ರಿಗಳಿಗೆ ಹೊಲಕ್ಕೆ ನೀರು ಹಾಯಿಸುತ್ತಾರೆ, ನಿಜ. ಅದು ಬಯಲಿನ ಮಾತು, ಸೊನ್ನೆ ಡಿಗ್ರಿಯ ಹತ್ತಿರದ ಮಾತು. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶವೇ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಹಿಮಕ್ಕೆ ಹೆದರುವ ಕಾರಣ ನಮಗಿಲ್ಲ. ಬೆಡ್ ಬೆಚ್ಚಗಿರಬೇಕು ಎನ್ನುವುದಾದರೆ ಅದಕ್ಕೂ ಹಗಲಿನ ನೀರೇ ಸರಿ. ಮಧ್ಯಾಹ್ನದೊಳಗೆ ಹದವಾಗಿ ತೇವಗೊಂಡ ಮಣ್ಣು ಬಿಸಿಲಿನ ಕಾವನ್ನು ಒಣಮಣ್ಣಿಗಿಂತ ಚೆನ್ನಾಗಿ ಹಿಡಿದಿಟ್ಟುಕೊಂಡು ರಾತ್ರಿ ನಿಧಾನವಾಗಿ ಬಿಡುತ್ತದೆ.

ಗಿಡದೊಳಗೆ ನಡೆಯುವುದನ್ನೂ ನೋಡಿ. ರಾತ್ರಿ ಎಲೆಯ ರಂಧ್ರಗಳು ಮುಚ್ಚಿರುತ್ತವೆ, ಸುತ್ತಲಿನ ಗಾಳಿಯಲ್ಲಿ ತೇವ ತುಂಬಿರುತ್ತದೆ, ಎಲೆಯಿಂದ ನೀರು ಹೊರಗೆ ಹೋಗಲು ದಾರಿಯಿಲ್ಲ. ಬೇರು ಮಾತ್ರ ಒದ್ದೆ ಮಣ್ಣಿನಲ್ಲಿ ಸುಮ್ಮನೆ ಕೂರುವುದಿಲ್ಲ, ನೀರನ್ನು ಮೇಲಕ್ಕೆ ತಳ್ಳುತ್ತಲೇ ಇರುತ್ತದೆ. ಬೆಳಿಗ್ಗೆ ಕ್ಯಾಪ್ಸಿಕಂ, ಟೊಮೆಟೊ ಎಲೆಗಳ ಅಂಚಿನಲ್ಲಿ ಸಾಲಾಗಿ ಕೂತ ಹನಿಗಳನ್ನು ಇಬ್ಬನಿ ಎಂದುಕೊಂಡಿರುತ್ತೀರಿ. ಎಷ್ಟೋ ಸಲ ಅದು ಇಬ್ಬನಿಯಲ್ಲ, ಬೇರಿನ ಒತ್ತಡಕ್ಕೆ ಎಲೆಯೊಳಗಿನಿಂದಲೇ ಹೊರಬಂದ ನೀರು. ಇಬ್ಬನಿ ಎಲೆಯ ಮೇಲೆಲ್ಲ ಹರಡಿರುತ್ತದೆ, ಇದು ಅಂಚಿನಲ್ಲೇ, ನರದ ತುದಿಯಲ್ಲೇ ಕೂತಿರುತ್ತದೆ. ಆ ಹನಿ ಕಂಡರೆ ನಿನ್ನೆ ಸಂಜೆ ಬೆಡ್ಡಿನಲ್ಲಿ ನೀರು ಹೆಚ್ಚಿತ್ತು ಎಂದೇ ಅರ್ಥ. ಅದೇ ಒತ್ತಡ ಕಾಯಿಯ ಒಳಗೂ ಹೋಗುತ್ತದೆ. ಒಳಗಿನ ತಿರುಳು ಉಬ್ಬುತ್ತದೆ, ಸಿಪ್ಪೆ ಅಷ್ಟು ಹಿಗ್ಗುವುದಿಲ್ಲ, ಮೇಲ್ಮೈಯಲ್ಲಿ ಸಣ್ಣ ಸಣ್ಣ ಬಿರುಕು ಬಿಡುತ್ತದೆ. ನೀವು ಬೋರಾನ್ ಡಬ್ಬಿ ತರಲು ಹೊರಡುವುದು ಈ ಗೀರುಗಳನ್ನು ನೋಡಿ. ಮಂಡಿಯಲ್ಲಿ ಆ ಕಾಯಿ ಎರಡನೇ ದರ್ಜೆಗೆ ಹೋಗುತ್ತದೆ, ಡಬ್ಬಿಯ ದುಡ್ಡೂ ಹೋಗುತ್ತದೆ.

ಇನ್ನು ರೋಗ. ಡೌನಿ, ಬೊಟ್ರೈಟಿಸ್ ಎರಡಕ್ಕೂ ಬೇಕಾದದ್ದು ತಂಪು ಮತ್ತು ಆರದ ತೇವ. ಗುಲಾಬಿಯ ಡೌನಿಗೆ 18 ಡಿಗ್ರಿಯ ಆಸುಪಾಸಿನ ಹವೆ, 85 ಪರ್ಸೆಂಟ್ ದಾಟಿದ ತೇವಾಂಶ ಕೆಲವೇ ಗಂಟೆ ಸಿಕ್ಕರೆ ಸಾಕು. ಬೊಟ್ರೈಟಿಸ್ ಬೀಜಾಣುಗಳು ಬೆಡ್ಡಿನ ಮೇಲೆ ಉದುರಿ ಕೊಳೆಯುತ್ತಿರುವ ಎಲೆ, ದಳ, ಕತ್ತರಿಸಿ ಬಿಟ್ಟ ಕಡ್ಡಿಗಳಲ್ಲಿ ಯಾವಾಗಲೂ ಇರುತ್ತವೆ, ಅವು ಕಾಯುವುದು ದಳದ ಮೇಲೆ ನಿಂತ ನೀರಿಗೆ. ನೀರು ಆರುವುದು ತಡವಾದಷ್ಟೂ ಅವುಗಳಿಗೆ ಅನುಕೂಲ. ಇದರಲ್ಲಿ ಮೋಸದ ಸಂಗತಿಯೆಂದರೆ, ಕೊಯ್ಯುವಾಗ ಹೂವು ಚೆನ್ನಾಗಿಯೇ ಕಾಣುತ್ತದೆ. ಗ್ರೇಡ್ ಆಗಿ, ಕೋಲ್ಡ್ ರೂಮಿನಲ್ಲಿ ಕೂತು, ಪೆಟ್ಟಿಗೆಯೊಳಗೆ ಪ್ರಯಾಣ ಮಾಡಿ, ಇನ್ನೊಂದು ಊರಿನಲ್ಲಿ ಮುಚ್ಚಳ ತೆಗೆದಾಗ ಹೊರದಳದ ಮೇಲೆ ಚುಕ್ಕೆಗಳು ಎದ್ದಿರುತ್ತವೆ. ಬೂದಿ ರೋಗವನ್ನು ಇವುಗಳ ಜೊತೆ ಸೇರಿಸಬೇಡಿ. ಅದಕ್ಕೆ ಎಲೆ ಮೇಲೆ ನೀರು ನಿಲ್ಲಬೇಕಾಗಿಲ್ಲ, ಅದರ ಲೆಕ್ಕ ಬೇರೆ.

ಡೌನಿ, ಬೊಟ್ರೈಟಿಸ್‌ಗೆ ನೀವು ಔಷಧಿ ಹೊಡೆಯುವುದು ಯಾವಾಗ? ಆಳುಗಳ ಉಳಿದ ಕೆಲಸವೆಲ್ಲ ಮುಗಿದ ಮೇಲೆ, ಸಂಜೆ ನಾಲ್ಕಕ್ಕೆ. ಪವರ್ ಸ್ಪ್ರೇಯರಿನಲ್ಲಿ ಇಡೀ ಗಿಡ ತೋಯಿಸಿ, ಐದಕ್ಕೆ ಪರದೆ ಇಳಿಸಿ ಮನೆಗೆ ಹೋಗುತ್ತೀರಿ. ತೇವದಿಂದ ಬಂದ ರೋಗಕ್ಕೆ ಕೊಟ್ಟ ಔಷಧಿಯೇ ರಾತ್ರಿಯಿಡೀ ಎಲೆಯನ್ನು ತೇವವಾಗಿಡುತ್ತದೆ. ಚಳಿಗಾಲದಲ್ಲಿ ಸ್ಪ್ರೇ ಬೆಳಿಗ್ಗೆಗೆ ಬರಬೇಕು, ಇಬ್ಬನಿ ಆರಿದ ಮೇಲೆ, ಬಿಸಿಲು ಚುರುಕಾಗುವ ಮೊದಲು. ಔಷಧಿ ಅಂಗಡಿಯವರು ಇದನ್ನು ಹೇಳುವುದಿಲ್ಲ, ಅವರ ವ್ಯಾಪಾರ ಡಬ್ಬಿ ಮಾರುವುದು.

ಹಾಗಾದರೆ ನಸುಕಿನಲ್ಲಿ ಎದ್ದ ಕೂಡಲೇ ನೀರು ಬಿಡಬಹುದೇ ಎಂದು ಕೇಳುತ್ತೀರಿ. ಅದೂ ಬೇಡ. ಬೆಳಗಿನ ಆರರಿಂದ ಎಂಟೂವರೆ ಪಾಲಿಹೌಸಿನ ಅತಿ ಸೂಕ್ಷ್ಮ ಹೊತ್ತು. ಸೂರ್ಯ ಹುಟ್ಟಿ ಪ್ಲಾಸ್ಟಿಕ್ಕಿಗೆ ಬಿಸಿಲು ತಾಗಿದ ಕೂಡಲೇ ಒಳಗಿನ ಗಾಳಿ ಬೇಗ ಬಿಸಿಯಾಗುತ್ತದೆ. ಎಲೆ ತೆಳು, ಅದೂ ಬೇಗ ಬಿಸಿಯಾಗುತ್ತದೆ. ಆದರೆ ದಪ್ಪ ಮೊಗ್ಗು, ಕ್ಯಾಪ್ಸಿಕಂ ಕಾಯಿ ರಾತ್ರಿಯ ತಣ್ಣನೆಯನ್ನು ಹಿಡಿದುಕೊಂಡೇ ಕೂತಿರುತ್ತವೆ. ಬಿಸಿಯಾದ ಗಾಳಿ ಒದ್ದೆ ನೆಲದಿಂದ ತೇವ ಎತ್ತಿಕೊಂಡು ಬಂದು ಆ ತಣ್ಣನೆಯ ಮೊಗ್ಗಿನ ಮೇಲೆ ಇಳಿಸುತ್ತದೆ. ಏಳೂವರೆಗೆ ಗುಲಾಬಿ ಮೊಗ್ಗೊಂದನ್ನು ಎರಡು ಬೆರಳಲ್ಲಿ ಹಿಡಿದು ನೋಡಿ. ಮೇಲಿನ ಎಲೆ ಒಣಗಿರುತ್ತದೆ, ಮೊಗ್ಗಿನ ಮೈ ಬೆವರಿರುತ್ತದೆ. ರಾತ್ರಿ ಇಲ್ಲದ ಹನಿ ಬೆಳಕಾದ ಮೇಲೆ ಹುಟ್ಟಿರುತ್ತದೆ. ಆ ಹೊತ್ತಿಗೆ ಡ್ರಿಪ್ ಬಿಟ್ಟರೆ ಅದಕ್ಕೆ ನೀವೇ ನೀರು ಒದಗಿಸಿದಂತೆ.

ಇದಕ್ಕೆ ಮದ್ದು ಪರದೆಯಲ್ಲಿದೆ. ಬಿಸಿಲು ಏರಿದ ಮೇಲೆ ಒಂಬತ್ತಕ್ಕೋ ಹತ್ತಕ್ಕೋ ಪರದೆ ಎತ್ತುವ ರೂಢಿ ಬಿಟ್ಟು, ಸೂರ್ಯ ಪ್ಲಾಸ್ಟಿಕ್ ಮುಟ್ಟುವ ಮೊದಲೇ ಎರಡೂ ಪಕ್ಕದಲ್ಲಿ ಒಂದು ಗೇಣು ಎತ್ತಿ. ರಾತ್ರಿಯ ತೇವ ಮೇಲಿನ ಕಿಂಡಿಯಿಂದ ಹೊರಗೆ ಹೋಗುತ್ತದೆ, ಮೊಗ್ಗು ಗಾಳಿಯ ಜೊತೆಗೇ ನಿಧಾನವಾಗಿ ಬಿಸಿಯಾಗುತ್ತದೆ. ಸಂಜೆಯೂ ಅಷ್ಟೇ, ನಾಲ್ಕು ಗಂಟೆಗೇ ಗಟ್ಟಿಯಾಗಿ ಮುಚ್ಚಿ ಹಗಲಿನ ಆವಿಯನ್ನೆಲ್ಲ ಒಳಗೆ ಕೂಡಿಹಾಕಬೇಡಿ. ಸ್ವಲ್ಪ ತೆರೆದಿಟ್ಟು ಅದನ್ನು ಹೊರಗೆ ಕಳಿಸಿ, ಕತ್ತಲಾಗುವ ಮುನ್ನ ಇಳಿಸಿ. ರಾತ್ರಿ ಒಂದು ಡಿಗ್ರಿ ತಣ್ಣಗಾದರೂ ಪರವಾಗಿಲ್ಲ, ಒಣಗಿರಲಿ. ತಣ್ಣಗಿದ್ದು ಒಣಗಿರುವ ಮನೆಯಲ್ಲಿ ಗುಲಾಬಿ ಎರಡು ದಿನ ತಡವಾಗಿ ಬಿಡಬಹುದು. ಬೆಚ್ಚಗಿದ್ದು ಒದ್ದೆಯಿರುವ ಮನೆಯ ಹೂವು ಬೇಗ ಬಂದರೂ ಪೆಟ್ಟಿಗೆಗೆ ಹೋಗುವುದಿಲ್ಲ.

ನೀರಿನ ಹೊತ್ತು ಹೀಗಿರಲಿ: ಮೊದಲ ಪಾಳಿ ಎಂಟೂವರೆ, ಒಂಬತ್ತಕ್ಕೆ, ಎಲೆ ಆರಿದ ಮೇಲೆ. ಕೊನೆಯ ಪಾಳಿ ಎರಡು ಗಂಟೆಗೆ, ಬಹಳವೆಂದರೆ ಎರಡೂವರೆ. ಮಣ್ಣಿನ ಬೆಡ್ ಆದರೆ ಎರಡು ಸಲ ಸಾಕು, ಕೆಲವು ದಿನ ಒಂದೇ ಸಲ. ಕೋಕೋಪೀಟ್ ಬ್ಯಾಗಿನವರಿಗೆ ಸಣ್ಣ ಸಣ್ಣ ಪಾಳಿಗಳು ಬೇಕು. ಅವರು ಬ್ಯಾಗಿನ ಕೆಳಗೆ ಸೋರುವ ನೀರನ್ನು ಒಂದು ಡಬ್ಬಿಗೆ ಹಿಡಿದು ಅಳೆಯಲಿ, ಕೊಟ್ಟದ್ದರಲ್ಲಿ ಹತ್ತರಿಂದ ಇಪ್ಪತ್ತು ಪರ್ಸೆಂಟ್ ಹೊರಬಂದರೆ ಸರಿ. ಮಣ್ಣಿನವರು ಬೆಡ್ಡಿನ ಮೇಲ್ಮೈ ನೋಡಿ ತೀರ್ಮಾನಿಸಬೇಡಿ. ಚಳಿಗಾಲದಲ್ಲಿ ಮೇಲೆ ಒಣಗಿದಂತೆ ಕಂಡು ಕೆಳಗೆ ಅಂಟು ಅಂಟಾಗಿರುವುದೇ ಹೆಚ್ಚು. ನಾಲ್ಕೈದು ಇಂಚು ಕೆಳಗಿನ ಮಣ್ಣು ತೆಗೆದು ಮುಷ್ಟಿಯಲ್ಲಿ ಹಿಂಡಿ. ಉಂಡೆ ಕಟ್ಟಿ, ಹೆಬ್ಬೆರಳಲ್ಲಿ ಒತ್ತಿದರೆ ಒಡೆಯಬೇಕು. ಬೆರಳ ಸಂದಿಯಿಂದ ನೀರು ಜಿನುಗಿದರೆ ಅವತ್ತು ವಾಲ್ವ್ ಮುಟ್ಟಬೇಡಿ.

ಓಡಾಡುವ ದಾರಿಯನ್ನೂ ಒಮ್ಮೆ ನೋಡಿ. ಸಬ್‌ಮೇನಿನಿಂದ ಲ್ಯಾಟರಲ್ ಹೊರಡುವ ಕಡೆ ರಬ್ಬರ್ ಗ್ರೊಮೆಟ್ ಒಣಗಿ ಸೀಳಿರುತ್ತದೆ. ಲ್ಯಾಟರಲಿನ ತುದಿ ಮಡಚಿ ಕಟ್ಟಿದ್ದು ಬಿಚ್ಚಿಕೊಂಡಿರುತ್ತದೆ. ಅಲ್ಲೆಲ್ಲ ಸಣ್ಣ ಕೆಸರುಗುಂಡಿ. ಬೇಸಿಗೆಯಲ್ಲಿ ಅದು ನೀರು ಪೋಲು ಅಷ್ಟೇ, ಈಗ ಅದು ರಾತ್ರಿಯ ಆವಿಯ ಮೂಲ. ಫಾಗರಿನ ಸ್ವಿಚ್ಚಿಗೆ ಫೆಬ್ರವರಿಯವರೆಗೆ ಒಂದು ಟೇಪು ಸುತ್ತಿಬಿಡಿ. ನುಸಿಗೆಂದು ದಾರಿಗೆ ನೀರು ಎರಚುವ ರೂಢಿಯೂ ಈ ತಿಂಗಳುಗಳಲ್ಲಿ ಬೇಡ.

ಸಸಿ ನರ್ಸರಿಯವರಿಗೆ ಎರಡೇ ಮಾತು. ಪ್ರೋಟ್ರೇಗೆ ಗಡಿಯಾರ ನೋಡಿ ಪೈಪು ಹಿಡಿಯಬೇಡಿ, ಟ್ರೇ ಎತ್ತಿ ನೋಡಿ ಹಿಡಿಯಿರಿ. ನಿಮ್ಮಲ್ಲಿ ನೀರು ಹಾಕುವ ಹೆಣ್ಣುಮಕ್ಕಳಿಗೆ ಟ್ರೇಯ ತೂಕದಲ್ಲೇ ಎಲ್ಲ ಗೊತ್ತಾಗುತ್ತದೆ. ಅವರು "ಇವತ್ತು ಬೇಡ" ಅಂದರೆ ಮೇಸ್ತ್ರಿ ಬಾಯಿ ಮುಚ್ಚಿಕೊಂಡಿರಬೇಕು. ಮಧ್ಯಾಹ್ನದ ಮೇಲೆ ತೋಯಿಸಿದ ಟೊಮೆಟೊ ಸಸಿ ಬುಡ ಕೊಳೆತು ಬೀಳಲು ಎರಡು ರಾತ್ರಿ ಸಾಕು.

ಈ ಎಲ್ಲ ಲೆಕ್ಕವೂ ಬಿಸಿಲಿರುವ ದಿನದ್ದು. ನಮ್ಮ ಕಡೆಯ ಚಳಿಗಾಲದಲ್ಲಿ ನಿಜವಾಗಿ ಬೆಳೆ ಹಾಳಾಗುವುದು ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಎದ್ದಾಗ. 2022ರ ಡಿಸೆಂಬರಿನ ಮಾಂಡಸ್, 2024ರ ನವೆಂಬರ್ ಕೊನೆಯ ಫೆಂಗಲ್ ನೆನಪು ಮಾಡಿಕೊಳ್ಳಿ. ಎರಡು ಮೂರು ದಿನ ಸೂರ್ಯ ಇಲ್ಲ, ಜಿಟಿ ಜಿಟಿ ಮಳೆ, ಹಗಲೂ ರಾತ್ರಿಯೂ ಒಂದೇ ತಣ್ಣನೆ. ಟೈಮರ್ ಹಾಕಿದವರ ಮನೆಯಲ್ಲಿ ಮಾತ್ರ ಡ್ರಿಪ್ ಎಂದಿನಂತೆ ಓಡುತ್ತಿರುತ್ತದೆ. ಟೈಮರಿಗೆ ಮೋಡ ಕಾಣುವುದಿಲ್ಲ. ಹವಾಮಾನ ಇಲಾಖೆ ನಾಲ್ಕು ದಿನ ಮೊದಲೇ ಹೇಳುತ್ತದೆ, ಆ ಸುದ್ದಿ ಕೇಳಿದ ಕೂಡಲೇ ಟೈಮರ್ ಆಫ್ ಮಾಡಿ. ಮಣ್ಣಿನ ಬೆಡ್ಡಿನಲ್ಲಿರುವ ಬೆಳೆದ ಗಿಡ ಅಂಥ ಎರಡು ದಿನ ನೀರಿಲ್ಲದೆ ಆರಾಮಾಗಿರುತ್ತದೆ. ಚಿಕ್ಕಬಳ್ಳಾಪುರ, ದೇವನಹಳ್ಳಿ ಕಡೆ ಮಂಜು ಒಂಬತ್ತರವರೆಗೂ ಎದ್ದೇಳದ ದಿನಗಳಿಗೂ ಇದೇ ಮಾತು, ಮಂಜು ಕರಗಿದ ಮೇಲೆ ಒಂದು ಗಂಟೆ ಬಿಟ್ಟು ಮೊದಲ ಪಾಳಿ. ಮೋಡ ಸರಿದು ಚುರುಕು ಬಿಸಿಲು ಬಿದ್ದ ಮೊದಲ ದಿನ ಎಲೆ ಬಾಡಿದಂತೆ ಕಂಡರೆ ಗಾಬರಿಯಾಗಿ ನೀರು ಸುರಿಯಬೇಡಿ. ತಣ್ಣಗಾದ ಬೇರು ಇನ್ನೂ ಎದ್ದಿರುವುದಿಲ್ಲ, ಮಣ್ಣು ಹಿಂಡಿ ನೋಡಿ, ತೇವ ಇದ್ದರೆ ಮಧ್ಯಾಹ್ನಕ್ಕೆ ಗಿಡ ತಾನೇ ಸುಧಾರಿಸಿಕೊಳ್ಳುತ್ತದೆ.

ಗುಲಾಬಿಯವರಿಗೆ ಈ ತಿಂಗಳುಗಳು ಎಂಥವು ಎಂದು ನಾನು ಹೇಳಬೇಕಾಗಿಲ್ಲ. ಫೆಬ್ರವರಿ 14ಕ್ಕೆ ತಾಜ್ ಮಹಲ್ ತಳಿಯ ಗುಲಾಬಿ ಪೆಟ್ಟಿಗೆ ವಿಮಾನ ಹತ್ತಬೇಕಾದರೆ ಡಿಸೆಂಬರ್ ನಡುವಿನಲ್ಲಿ ಗಿಡ ಸವರಿರಬೇಕು. ಹೆಬ್ಬಾಳದ ಹೂವಿನ ಹರಾಜು ಕೇಂದ್ರದಲ್ಲಿ ವರ್ಷದಲ್ಲೇ ಒಳ್ಳೆಯ ದರ ಸಿಗುವುದು ಆ ವಾರಗಳಲ್ಲಿ. ಸವರಿದ ಗಿಡದಲ್ಲಿ ಎಲೆ ಕಮ್ಮಿ, ಅದು ಕುಡಿಯುವ ನೀರೂ ಕಮ್ಮಿ. ಸವರಿದ ಮರುದಿನದಿಂದಲೇ ನೀರು ಇಳಿಸಿ, ಚಿಗುರು ಬಲಿತಂತೆ ಏರಿಸುತ್ತಾ ಹೋಗಿ. ಸವರುವ ಮುಂಚೆ ಬಿಡುತ್ತಿದ್ದಷ್ಟೇ ನೀರನ್ನು ಬೋಳು ಗಿಡಕ್ಕೂ ಬಿಟ್ಟು, ಎಳೆಯ ಕೆಂಪು ಚಿಗುರಿಗೆ ಡೌನಿ ಬಂತೆಂದು ಹೌಹಾರುವವರು ಪ್ರತಿ ವರ್ಷ ಸಿಗುತ್ತಾರೆ. ಆ ಚಿಗುರೇ ನಿಮ್ಮ ಫೆಬ್ರವರಿಯ ಹೂವು.

ಈಗ ಕರೆಂಟಿಗೆ ಬರುತ್ತೇನೆ. ನಿಮ್ಮಲ್ಲಿ ದೊಡ್ಡ ಕಂಪನಿಗಳನ್ನು ಬಿಟ್ಟರೆ, ಅರ್ಧ ಎಕರೆ, ಒಂದು ಎಕರೆಯ ಬೆಳೆಗಾರರು ಐಪಿ ಸೆಟ್ ಲೈನಿನ ಮೇಲೆಯೇ ಬದುಕುವವರು. 10 ಎಚ್‌ಪಿವರೆಗೆ ಉಚಿತ, ದಿನಕ್ಕೆ ಏಳು ಗಂಟೆ ತ್ರೀ ಫೇಸ್, ಅದೂ ಪಾಳಿಯ ಮೇಲೆ. ರಾತ್ರಿ ಪಾಳಿ ಬಂದಾಗ ಆಟೋ ಸ್ಟಾರ್ಟರ್ ಹಾಕಿ ಮಲಗುತ್ತೀರಿ. ಕರೆಂಟ್ ಬಂದ ಕೂಡಲೇ ಮೋಟರ್ ಎದ್ದು, ಬೋರಿನಿಂದ ನೇರ ಡ್ರಿಪ್ಪಿಗೆ ನೀರು ಓಡುತ್ತದೆ. ಬೇಸಿಗೆಯಲ್ಲಿ ಗಿಡ ಇದನ್ನು ಸಹಿಸಿಕೊಳ್ಳುತ್ತದೆ. ಈಗ ಸಹಿಸುವುದಿಲ್ಲ.

ದಾರಿ ಒಂದೇ, ರಾತ್ರಿ ಬಂದ ನೀರು ಎಲ್ಲಾದರೂ ಬೆಳಗಿನವರೆಗೆ ಕಾಯಬೇಕು. ಚದರ ಮೀಟರಿಗೆ 3 ಲೀಟರ್ ಹಿಡಿದರೆ ಎಕರೆಗೆ ದಿನಕ್ಕೆ 12 ಸಾವಿರ ಲೀಟರ್. ಮೂರು ಮೀಟರ್ ಉದ್ದ, ಎರಡು ಮೀಟರ್ ಅಗಲ, ಎರಡು ಮೀಟರ್ ಆಳದ ಸಂಪಿನಲ್ಲಿ ಅಷ್ಟು ನೀರು ಹಿಡಿಯುತ್ತದೆ. ಕೃಷಿ ಹೊಂಡ ಇದ್ದವರಿಗೆ ಹೊಸದು ಕಟ್ಟುವ ಖರ್ಚೂ ಇಲ್ಲ. ಅಂದಹಾಗೆ, ಒಂದು ಎಕರೆ ಪಾಲಿಹೌಸ್ ಚಾವಣಿಯ ಮೇಲೆ ವರ್ಷಕ್ಕೆ 750 ಮಿ.ಮೀ. ಮಳೆ ಬಿದ್ದರೆ ಅದು 30 ಲಕ್ಷ ಲೀಟರ್, ಉಪ್ಪಿಲ್ಲದ ನೀರು. ಗಟಾರಿನಿಂದ ಹೊಂಡಕ್ಕೆ ಪೈಪು ಹಾಕದೆ ಅದನ್ನು ರಸ್ತೆಗೆ ಬಿಡುವವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ. ಸಂಪಿನಿಂದ ಡ್ರಿಪ್ಪಿಗೆ ತಳ್ಳಲು ಎರಡು ಎಚ್‌ಪಿ ಮೋಟರ್ ಸಾಕು, ವಾಲ್ವ್ ಒಂದೊಂದಾಗಿ ತೆರೆದುಕೊಂಡು ಹೋದರಾಯಿತು. ಹಗಲು ಸಿಂಗಲ್ ಫೇಸ್ ಸಿಗುವವರಿಗೆ ಅದರಲ್ಲೇ ಆಗುತ್ತದೆ. ಸಿಗದವರಿಗೆ ಸಣ್ಣ ಸೋಲಾರ್ ಪಂಪು. ಬಿಸಿಲು ಏರಿದಾಗ ಗಿಡಕ್ಕೆ ನೀರು ಬೇಕು, ಸೋಲಾರ್ ಓಡುವುದೂ ಆಗಲೇ. ಮೋಡ ಕವಿದ ದಿನ ಪಂಪು ಸುಮ್ಮನಾಗುತ್ತದೆ, ಗಿಡಕ್ಕೂ ಅವತ್ತು ನೀರು ಬೇಡ. ಇಷ್ಟು ಹೊಂದಿಕೆಯಾಗುವ ಟೈಮರ್ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ತೆರೆದ ಹೊಂಡದ ನೀರು ರಾತ್ರಿ ತಣ್ಣಗಾಗಿರುತ್ತದೆ ಎಂಬ ಚಿಂತೆ ಇದ್ದರೆ, ಒಂಬತ್ತರ ಬದಲು ಹತ್ತಕ್ಕೆ ಬಿಡಿ. ಮುಚ್ಚಿದ ಸಂಪಿನಲ್ಲಿ ಆ ಚಿಂತೆಯೂ ಇಲ್ಲ.

ಸಂಪು ಕಟ್ಟುವುದು ನಿಮ್ಮ ಪಾಲಿನ ಕೆಲಸ. ಸರ್ಕಾರದ ಪಾಲಿನದೂ ಒಂದಿದೆ, ಅದನ್ನು ಕೇಳುವುದು ನಿಮ್ಮ ಸಂಘಗಳ ಕೆಲಸ. ಪಾವಗಡದಲ್ಲಿ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಇರುವ ರಾಜ್ಯ ನಮ್ಮದು, ಅಲ್ಲಿ ವಿದ್ಯುತ್ ತಯಾರಾಗುವುದು ಹಗಲಲ್ಲಿ. ಕೃಷಿ ಫೀಡರುಗಳನ್ನು ಸೋಲಾರಿಗೆ ಜೋಡಿಸಿ ರೈತರಿಗೆ ಹಗಲು ಕರೆಂಟ್ ಕೊಡುವುದಕ್ಕೆಂದೇ ಪಿಎಂ ಕುಸುಮ್ ಯೋಜನೆಯಲ್ಲಿ ಒಂದು ಭಾಗವಿದೆ. ಅದು ಎಲ್ಲ ಊರಿಗೂ ಮುಟ್ಟುವವರೆಗೆ ಕಾಯಬೇಕಾಗಿಲ್ಲ. ಪಾಲಿಹೌಸ್ ಹೆಚ್ಚಿರುವ ಫೀಡರುಗಳ ಪಟ್ಟಿ ಮಾಡಿ, ನವೆಂಬರ್ 15ರಿಂದ ಫೆಬ್ರವರಿ 15ರವರೆಗೆ ಆ ಫೀಡರುಗಳಿಗೆ ತ್ರೀ ಫೇಸನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 3ರವರೆಗೆ ಕೊಡಿ ಎಂದು ವಿದ್ಯುತ್ ಕಂಪನಿಗೆ ಅರ್ಜಿ ಹಾಕಿ. ಒಂದು ಗಂಟೆಯೂ ಹೆಚ್ಚು ಕೇಳುತ್ತಿಲ್ಲ, ಈಗ ಕೊಡುತ್ತಿರುವ ಅದೇ ಏಳು ಗಂಟೆ. ಅರ್ಜಿಯ ಪ್ರತಿಯನ್ನು ತೋಟಗಾರಿಕೆ ಇಲಾಖೆಗೂ ನಿಮ್ಮ ಶಾಸಕರಿಗೂ ಕೊಡಿ. ಒಬ್ಬೊಬ್ಬರೇ ಹೋದರೆ ಲೈನ್‌ಮನ್ ಮುಂದೆಯೇ ನಿಂತುಬಿಡುತ್ತೀರಿ, ತಾಲ್ಲೂಕಿನ ಬೆಳೆಗಾರರೆಲ್ಲ ಒಟ್ಟಿಗೆ ಸಹಿ ಹಾಕಿ.

ಪ್ರತಿ ವರ್ಷ ದಸರಾ ಮುಗಿದ ವಾರವೇ ಅರ್ಜಿ ಕೊಟ್ಟುಬಿಡಿ. ಪಾಳಿಯ ಪಟ್ಟಿ ಬದಲಾಗಲು ಅವರಿಗೂ ಒಂದು ತಿಂಗಳು ಬೇಕು.

ಇಂತಿ,
ನಿಮ್ಮ ಕಡೆಯ ಪಾಲಿಹೌಸುಗಳಲ್ಲಿ ಓಡಾಡುವ ಒಬ್ಬ ಕೃಷಿ ಬರಹಗಾರ